ಜೋಪಾನರಾಯರು

ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ಕನ್ನು ಐದು ವರ್ಷವಾದರೂ ಕೀಳದವರು, ಟಿ.ವಿ. ರಿಮೋಟಿಗೆ ಕವರು ತೊಡಿಸಿ ಮೇಲೊಂದು ರಬ್ಬರ್ ಬ್ಯಾಂಡ್ ಬಿಗಿಯುವವರು, ಮದುವೆಗೆ ಬಂದ ಡಿನ್ನರ್ ಸೆಟ್ಟನ್ನು ಮೊಮ್ಮಕ್ಕಳ ಮದುವೆಗಿರಲಿ ಎಂದು ಅಟ್ಟ ಹತ್ತಿಸಿದವರು ನಿಮ್ಮ ಬಳಗದಲ್ಲೂ ಇದ್ದಾರು. ನನ್ನ ಪಾಲಿಗೆ ಬಂದವರು ಬೀಗರು. ಬೇರೆಯವರಾಗಿದ್ದರೆ ಎರಡು ಮಾತು ಆಡಿಬಿಡಬಹುದಿತ್ತು. ಮಗಳ ಮಾವನಿಗೆ ಏನೆನ್ನಲಿ? ಒಳಗೊಳಗೇ ಜೋಪಾನರಾಯರು ಎಂದು ಹೆಸರಿಟ್ಟುಕೊಂಡು ಸುಮ್ಮನಿದ್ದೇನೆ.

ಹೋದ ಡಿಸೆಂಬರಿನಲ್ಲಿ ನಾವಿಬ್ಬರೂ ಇಂಗ್ಲೆಂಡಿನ ರೆಡಿಂಗಿನಲ್ಲಿ ಮಕ್ಕಳ ಮನೆಯಲ್ಲಿದ್ದೆವು. ಸಂಜೆ ನಾಲ್ಕಕ್ಕೇ ಕತ್ತಲೆ. ನಾಲ್ಕು ವರ್ಷದ ಮೊಮ್ಮಗಳಿಗೆಂದು ಮಗಳು ಚಾರಿಟಿ ಅಂಗಡಿಯಿಂದ ಹಳೇ ಪುಸ್ತಕವೊಂದನ್ನು ತಂದಳು: ‘ದಿ ಜಾಲಿ ಕ್ರಿಸ್ಮಸ್ ಪೋಸ್ಟ್‌ಮನ್’. ಜಾನೆಟ್ ಮತ್ತು ಅಲನ್ ಆಲ್ಬರ್ಗ್ ದಂಪತಿಯ 1991ರ ಪುಸ್ತಕ. ಚಿತ್ರ ಬರೆದ ಜಾನೆಟ್‌ಗೆ ಕೇಟ್ ಗ್ರೀನವೇ ಪದಕ ತಂದುಕೊಟ್ಟದ್ದು. ಕ್ರಿಸ್ಮಸ್ ಹಿಂದಿನ ದಿನ ಅಂಚೆಯಣ್ಣನೊಬ್ಬ ಸೈಕಲ್ಲೇರಿ ಅಜ್ಜಿಕತೆಗಳೊಳಗಿನವರ ಮನೆಮನೆಗೆ ಹೋಗುತ್ತಾನೆ. ಅಲ್ಲಲ್ಲಿ ಪುಟವೇ ಲಕೋಟೆ. ಕೈ ಹಾಕಿದರೆ ನಿಜವಾದ ಕಾಗದವೇ ಬರುತ್ತದೆ. ಆಸ್ಪತ್ರೆ ಸೇರಿದ ಹಂಪ್ಟಿ ಡಂಪ್ಟಿಗೆ ಬಂದ ಜಿಗ್ಸಾ ಕೂಡ ತುಂಡು ತುಂಡಾಗಿ ಕೈಗೇ ಬೀಳುತ್ತದೆ. ಕಳೆದುಹೋಗಲೆಂದೇ ಹುಟ್ಟಿದ ಪುಸ್ತಕ. ಅದು ಹೋಗಿ ಬೀಗರ ಕೈಗೆ ಸಿಕ್ಕಿತು.

ಆ ರಾತ್ರಿಯೇ ಬ್ರೌನ್ ಪೇಪರಿನ ಬೈಂಡು ಬಿತ್ತು. ಲೇಬಲ್ಲಿನಲ್ಲಿ ಮುತ್ತು ಪೋಣಿಸಿದಂಥ ಅಕ್ಷರ: ಮಗುವಿನ ಹೆಸರು; ತರಗತಿ – ನರ್ಸರಿ; ವಿಷಯ – ಕ್ರಿಸ್ಮಸ್. ಹಿಂದೆ ಯಾವುದೋ ಮಗು ಕೆಂಪು ಟೋಪಿಯ ಹುಡುಗಿಗೆ ಪೆನ್ಸಿಲಿನಲ್ಲಿ ಮೀಸೆ ಬರೆದಿತ್ತು. ಅದನ್ನೂ ಉಜ್ಜಿ ಉಜ್ಜಿ ಅಳಿಸಿದರು. ಬರೆದ ಮಗುವಿಗೇ ಈಗ ಮೀಸೆ ಬಂದು ನರೆಯುತ್ತಿರಬಹುದು.

ಮಾರನೆಯ ದಿನದಿಂದ ಶಾಸ್ತ್ರ ಶುರು. ಮೊದಲು ಕೈ ತೊಳೆಯಬೇಕು, ಒರೆಸಬೇಕು. ಕಾಗದ ತೆಗೆಯುವುದು ತಾತ, ಮಗು ನೋಡಬೇಕು ಅಷ್ಟೆ. “ಮೆಲ್ಲಗೆ ಪುಟ್ಟಿ, ಮೆಲ್ಲಗೆ.” ಅಂಚೆಯಣ್ಣ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನನ್ನದೊಂದು ನಿದ್ದೆ ಆಗುತ್ತಿತ್ತು. ಕೊನೆಗೆ ಜಿಗ್ಸಾ ತುಂಡುಗಳ ಎಣಿಕೆ.

ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ನಾನು ಕೊಟ್ಟ ಪುಸ್ತಕ ವಾಪಸು ಬಂದದ್ದಿಲ್ಲ, ತಂದದ್ದನ್ನು ವಾಪಸು ಕೊಟ್ಟದ್ದಿಲ್ಲ. ನನ್ನ ಕಪಾಟಿನಲ್ಲಿ ರಟ್ಟಿರುವ ಪುಸ್ತಕಗಳೆಲ್ಲ ಬೇರೆಯವರವು.

ಮೂರನೆಯ ದಿನ ಎಣಿಕೆಯಲ್ಲಿ ಒಂದು ತುಂಡು ಕಡಿಮೆ ಬಂತು.

“ಬೀಗರೇ, ಸ್ವಲ್ಪ ಏಳ್ತೀರಾ?” ಎಂದು ನನ್ನನ್ನು ಎಬ್ಬಿಸಿ ಸೋಫಾ ಬಗೆದರು. ಆಮೇಲೆ ಟಾರ್ಚು. ಆಮೇಲೆ ವ್ಯಾಕ್ಯೂಮ್ ಕ್ಲೀನರಿನ ಹೊಟ್ಟೆ ಬಿಚ್ಚಿ, ಧೂಳನ್ನೆಲ್ಲ ಹಾಳೆಯ ಮೇಲೆ ಸುರಿದು, ಹಲ್ಲುಕಡ್ಡಿಯಿಂದ ಕೆದಕುತ್ತ ಕೂತರು. ಎರಡು ಹೇರ್‌ಪಿನ್ನು, ಒಂದು ಕಡಲೇಬೀಜ, ನನ್ನ ಅಂಗಿಯ ಗುಂಡಿ ಸಿಕ್ಕವು.

“ಹೋದ್ರೆ ಹೋಗ್ಲಿ ಬಿಡಿ ಬೀಗರೇ, ರಟ್ಟಿನ ಚೂರು” ಎಂದೆ.

“ಇವತ್ತು ಚೂರು ಅಂತೀರಿ, ನಾಳೆ ಪುಸ್ತಕಾನೇ ಇರಲ್ಲ.”

ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಊಟದ ಹೊತ್ತಿಗೆ ತಡೆಯಲಾರದೆ ಕೇಳಿದಳು, “ತಾತಾ, ನಿಂಗೆ ಪೋಸ್ಟ್ ಬಂದಿದೆ, ನೋಡೇ ಇಲ್ವಾ?”

ಅವರ ಸ್ವೆಟರಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದ. ಮೇಲೆ ನೇರಳೆ ಕ್ರೇಯಾನಿನ ಎರಡು ಗೀಟು, ಅದೇ ವಿಳಾಸ. ಒಳಗೆ ತುಂಡು. ಬೀಗರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಆ ದಿನ ಕೈ ಕೂಡ ತೊಳೆಯದೆ ಓದು ನಡೆಯಿತು. ಕಾಗದಗಳನ್ನು ತೆಗೆದದ್ದು ಅವಳೇ.

ಈಗ ಮತ್ತೆ ಡಿಸೆಂಬರ್. ಮೊನ್ನೆ ಮಗಳ ಫೋನು: “ಅಪ್ಪಾ, ಆ ಪುಸ್ತಕ ತೆಗೆದ್ವಿ. ಜಿಗ್ಸಾದಲ್ಲಿ ಒಂದು ತುಂಡು ಇಲ್ಲ. ನೀವೇನಾದ್ರೂ…?”

ಹೋದ ತಿಂಗಳು ಮೈಸೂರಿನಲ್ಲಿ ಬೀಗರು ಆಟೋಗೆ ಕೊಡಲು ಪರ್ಸು ತೆರೆದಾಗ ನೋಡಿದ್ದೆ. ಫೋಟೋ ಇಡುವ ಪ್ಲಾಸ್ಟಿಕ್ಕಿನ ಹಿಂದೆ ನೇರಳೆ ಗೀಟಿನ ಕಾಗದ, ಮಧ್ಯೆ ಉಬ್ಬು. ನಾನು ನೋಡಿದ್ದನ್ನು ಅವರೂ ನೋಡಿದರು. ಚಿಲ್ಲರೆ ಹುಡುಕತೊಡಗಿದರು.

“ನಾನೇ ಎಲ್ಲೋ ಕಳೆದಿರ್ಬೇಕಮ್ಮ” ಎಂದೆ. ಮಗಳು ತಕ್ಷಣ ನಂಬಿದಳು.