ಅತ್ತೆ ಮೊದಲು ಉಣ್ಣಲಿ

"ಹುರಳಿ ಬೇಯ್ಸಿದ ಕಟ್ಟು ಒಂದ್ ಲೋಟ, ಬೆಳಗ್ಗೆ ಬರೀ ಹೊಟ್ಟೇಲಿ ಕುಡ್ಸು ಮಗ. ಹದಿನೈದೇ ದಿನ, ಕಲ್ಲು ತಾನಾಗೇ ಕರಗೋಯ್ತದೆ."

ಬೇಲಿಯಾಚೆಯಿಂದ ದೊಡ್ಡವ್ವ ಹೀಗಂದಾಗ ನಾನು ಮೊರದ ತುಂಬ ನುಗ್ಗೆಸೊಪ್ಪು ಹಾಕಿಕೊಂಡು ಬಿಡಿಸುತ್ತಿದ್ದೆ. ನಮ್ಮಿಬ್ಬರ ಮನೆ ನಡುವಿನ ಬೇಲಿ ಅಂದರೆ ನಾಲ್ಕು ಕಲ್ಲುಕಂಬ, ಎರಡೆಳೆ ತಂತಿ, ಅದರ ಮೇಲೆ ಹಬ್ಬಿದ ಚಪ್ಪರದವರೆ ಬಳ್ಳಿ. ಬೇರು ಅವರ ಕಡೆ, ಕಾಯಿ ಹೆಚ್ಚು ನಮ್ಮ ಕಡೆ. ಹಾಸನದ ರಸ್ತೆ ಬಿಳಿಕೆರೆಯಲ್ಲಿ ಮೈಸೂರು ರಸ್ತೆಗೆ ಬಂದು ಕೂಡುತ್ತದಲ್ಲ, ಆ ಲಾರಿಗಳ ಸದ್ದು ನಮ್ಮ ಹಿತ್ತಲಿಗೂ ಕೇಳುತ್ತದೆ. ಬೇಲಿ ಹತ್ತಿರ ಮಾತಿಗೆ ನಿಂತರೆ ಅದು ಕಿವಿಗೆ ಬೀಳುವುದಿಲ್ಲ.

ದೊಡ್ಡವ್ವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರೂ ನಮ್ಮತ್ತೆಯೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಮಾತ್ರೆ, ಮುದ್ದೆ ಅಂತ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಹೋದ ಆಷಾಢಕ್ಕೆ ಮುಂಚೆ ಪಿರಿಯಾಪಟ್ಟಣದ ಕಡೆ ಒಂದು ಬೀಗರೂಟ ಉಂಡು ಬಂದ ರಾತ್ರಿ, ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದ ನೋವು ಬೆನ್ನು ಸುತ್ತಿ ಭುಜದ ತನಕ ಏರಿತು. ಗ್ಯಾಸ್ ಅಂದುಕೊಂಡು ಸೋಡಾ ಕುಡಿಸಿದೆವು, ಓಮದ ನೀರು ಕೊಟ್ಟೆವು. ಬೆಳಗಿನ ಜಾವ ಮೈಸೂರಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ 9.6 ಬಂದಿತ್ತು. "ಎಂಟರ ಒಳಗೆ ಬರಲಿ, ಆಮೇಲೆ ಆಪರೇಷನ್" ಅಂದರು ಡಾಕ್ಟರು. ಅಲ್ಲಿಯ ತನಕ ಏನು ಬೇಯಿಸಬೇಕು ಅನ್ನುವುದು ನನ್ನ ಪಾಲಿಗೆ ಬಂತು.

ಮನೆಯಲ್ಲಿ ಎರಡು ಚೀಟಿ ಇದ್ದವು. ಸಕ್ಕರೆಗೆ ಅಂತ ಹಿಂದೆ ಕೊಟ್ಟಿದ್ದರಲ್ಲಿ, ಅನ್ನ ಕಡಿಮೆ ಮಾಡಿ, ಹಸಿವಾದರೆ ಕಡಲೆಕಾಯಿ, ಮೊಟ್ಟೆ, ಬಾಡು ತಿನ್ನಿ ಅಂತಿತ್ತು. ಪಿತ್ತಕೋಶಕ್ಕೆ ಅಂತ ಹೊಸದಾಗಿ ಬಂದದ್ದರಲ್ಲಿ ಕಡಲೆಕಾಯಿ, ಕಾಯಿ, ತುಪ್ಪ, ಬಾಡು ಬೇಡ. ಗಂಜಿ, ಬ್ರೆಡ್ಡು, ಮೆತ್ತನೆ ಅನ್ನ ಕೊಡಿ ಅಂತಿತ್ತು. ಒಂದು ಚೀಟಿ ಬಿಟ್ಟುಕೊಟ್ಟದ್ದನ್ನು ಇನ್ನೊಂದು ಹೊಡೆದುಹಾಕಿದರೆ ತಟ್ಟೆಯಲ್ಲಿ ಉಳಿಯುವುದೇನು? ಎರಡನ್ನೂ ಓದಿ ಹೇಳಿದಾಗ ಅತ್ತೆ, "ನೀರ್ ಕುಡ್ಕಂಡು ಇದ್ಬುಡ್ತೀನಿ ಬುಡವ್ವ, ನೀನ್ಯಾಕೆ ತಲೆ ಕೆಡ್ಸ್ಕತೀಯ" ಅಂದರು. ಆ ಮಾತು ಇವತ್ತಿಗೂ ನನಗೆ ಕಣ್ಣೀರು ತರಿಸುತ್ತದೆ.

ಮಾರನೇ ವಾರ ಚೀಟಿ ಎರಡನ್ನೂ ಹಿಡಿದುಕೊಂಡು ಊಟದ ಬಗ್ಗೆ ಹೇಳುವ ಡಯೆಟಿಷಿಯನ್ ಹತ್ತಿರ ಹೋದೆ. ಅಲ್ಲಿ ಕೇಳಿಸಿಕೊಂಡದ್ದನ್ನೇ ಈಗ ದೊಡ್ಡವ್ವನಿಗೆ ಅವರ ಭಾಷೆಯಲ್ಲಿ ಹೇಳಿದೆ.

"ಕೋಳಿ ಕುಯ್ದು ಹಸನು ಮಾಡುವಾಗ ಈಲಿಗೆ ಅಂಟಿಕೊಂಡ ಹಸುರು ಚೀಲಾನ ಎಷ್ಟು ಹುಷಾರಾಗಿ ತೆಗೀತೀರಿ ದೊಡ್ಡವ್ವ?"

"ಪಿತ್ತ ಅಲ್ವ ಅದು? ಒಡುದ್ರೆ ಬಾಡೆಲ್ಲ ಕಹಿ."

"ಅದೇ ಚೀಲ ನಮಗೂ ಇದೆ."

ಈಲಿಯಲ್ಲಿ ಹಗಲೂ ರಾತ್ರಿ ಪಿತ್ತರಸ ಊರುತ್ತದೆ, ಆ ಚೀಲ ಅದನ್ನು ಕೂಡಿಟ್ಟು ಗಟ್ಟಿ ಮಾಡಿಕೊಳ್ಳುತ್ತದೆ. ಜಿಡ್ಡಿನ ಊಟ ಕರುಳಿಗೆ ಇಳಿದ ಕೂಡಲೇ ಚೀಲ ಹಿಂಡಿಕೊಂಡು ರಸ ಬಿಡುತ್ತದೆ. ಒಳಗೆ ಕಲ್ಲಿದ್ದರೆ, ಹಿಂಡಿದಾಗ ಅದು ಚೀಲದ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಬೀಗರೂಟದ ರಾತ್ರಿ ಆದದ್ದು ಅದು. "ಹಂಗಾದ್ರೆ ಎಣ್ಣೇನೇ ಮುಟ್ಟುಸ್ಬ್ಯಾಡ" ಅಂದರು ದೊಡ್ಡವ್ವ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹಿಂಡದೆ ಬಿಟ್ಟ ಚೀಲದಲ್ಲಿ ರಸ ನಿಂತು ಇನ್ನೂ ಗಟ್ಟಿಯಾಗುತ್ತದಂತೆ. ಉಪವಾಸ ಬಿದ್ದರೂ, ವಾರಕ್ಕೆ ಒಂದೂವರೆ ಕೆಜಿಗಿಂತ ಹೆಚ್ಚು ತೂಕ ಇಳಿಸಿದರೂ ಕಲ್ಲಿಗೆ ದಾರಿ ಮಾಡಿಕೊಟ್ಟಂತೆ. ಅದಕ್ಕೇ ಅತ್ತೆ ಪಾಲಿಗೆ ದಿನಕ್ಕೆ ಮೂರು ಟೀ ಚಮಚ ಎಣ್ಣೆ, ಮೂರು ಹೊತ್ತಿಗೂ ಹಂಚಿ. ಒಂದೇ ಹೊತ್ತಿಗೆ ಸುರಿಯುವಂತಿಲ್ಲ.

ಹುರಳಿಯ ವಿಷಯಕ್ಕೆ ಬಂದರೆ, ನಮ್ಮ ಮಾತಿನಲ್ಲಿ ಎಲ್ಲದಕ್ಕೂ 'ಕಲ್ಲು' ಅನ್ನುವುದೇ ತೊಡಕು. ಮೂತ್ರಪಿಂಡದ ಕಲ್ಲು ಬಹುಮಟ್ಟಿಗೆ ಸುಣ್ಣದ ಅಂಶದ್ದು. ಅಲ್ಲಿ ನೀರು ಹೆಚ್ಚು ಕುಡಿದರೆ ಮೂತ್ರದ ದಾರಿಯಲ್ಲಿ ಸಣ್ಣದು ಜಾರಿ ಹೋಗಲೂಬಹುದು. ಪಿತ್ತಕೋಶದ ಕಲ್ಲು ಕೊಲೆಸ್ಟರಾಲಿನದ್ದು, ಇಲ್ಲವೇ ಪಿತ್ತದ ಬಣ್ಣದ್ದು. ನಾವು ಕುಡಿದ ಹುರಳಿಕಟ್ಟಾಗಲಿ ಬಾಳೆದಿಂಡಿನ ರಸವಾಗಲಿ ಆ ಚೀಲದೊಳಕ್ಕೆ ಹೋಗುವುದೇ ಇಲ್ಲ. ಹಾಗಂತ ಹುರಳಿಯನ್ನು ನಾನು ಬಿಟ್ಟಿಲ್ಲ. 100 ಗ್ರಾಂ ಹುರಳಿಯಲ್ಲಿ ಪ್ರೋಟೀನು 22 ಗ್ರಾಂ ಹತ್ತಿರ, ಜಿಡ್ಡು ಒಂದು ಗ್ರಾಮೂ ಇಲ್ಲ. ಎರಡು ಚೀಟಿಗೂ ಒಪ್ಪುವ ಇಂಥ ಕಾಳು ಹೆಗ್ಗಡದೇವನಕೋಟೆ ಕಡೆಯ ಹೊಲಗಳಲ್ಲಿ ಬೆಳೆದು ನಮ್ಮ ಸಂತೆಗೇ ಬರುತ್ತದೆ. ವಾರಕ್ಕೆರಡು ದಿನ ಮೊಳಕೆ ಕಟ್ಟಿ ಸಾರು ಮಾಡುತ್ತೇನೆ. "ಔಷ್ದಿ ಅಲ್ದಿದ್ರೂ ಉಣ್ಣಕ್ಕಾಯ್ತದೆ ಅನ್ನು" ಅಂದರು ದೊಡ್ಡವ್ವ.

ಇನ್ನೊಬ್ಬರು ಮಾತ್ರ ಒಂದು ಲೋಟ ಎಣ್ಣೆಗೆ ನಿಂಬೆರಸ ಹಿಂಡಿ ಕುಡಿಸು, ಮಾರನೇ ದಿನ ಹಸುರು ಉಂಡೆಯಾಗಿ ಕಲ್ಲು ಬೀಳುತ್ತದೆ ಅಂದಿದ್ದರು. ಅವರಿಗೆ ಕೈಮುಗಿದು ಬೇಡವೇ ಬೇಡ ಅಂದೆ. ಅಷ್ಟು ಎಣ್ಣೆ ಒಟ್ಟಿಗೆ ಇಳಿದು ಚೀಲ ಹಿಂಡಿ, ಕಲ್ಲು ನಾಳಕ್ಕೆ ಸಿಕ್ಕಿಕೊಂಡರೆ ಕಾಮಾಲೆಯಾಗಬಹುದು, ಮೇದೋಜ್ಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಬರಬಹುದು. ಬೀಳುವ ಆ ಉಂಡೆ ಕಲ್ಲಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಿನ ಹಾಗೆ ಗಟ್ಟಿಯಾದದ್ದು.

ಮೆಂತ್ಯದ ಮಾತು ಬೇರೆ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆಯಲ್ಲ, ಅಲ್ಲಿಯವರು ಇಲಿಗಳಿಗೆ ಕೊಲೆಸ್ಟರಾಲ್ ಹೆಚ್ಚಿರುವ ಆಹಾರ ಕೊಟ್ಟು ನೋಡಿದ್ದಾರೆ. ಅದರ ಜೊತೆ ಮೆಂತ್ಯವನ್ನೂ ತಿಂದ ಇಲಿಗಳಲ್ಲಿ ಪಿತ್ತಕೋಶದ ಕಲ್ಲು ಕಡಿಮೆ ಕಂಡಿದೆ. ಈರುಳ್ಳಿ ಬೆಳ್ಳುಳ್ಳಿಯಲ್ಲೂ ಹಾಗೇ. ಇಲಿಯಲ್ಲಿ ಆದದ್ದು ನಮ್ಮತ್ತೆಯಲ್ಲೂ ಆಗುತ್ತದೆ ಅಂತ ನಾನು ನಂಬಿ ಕೂತಿಲ್ಲ, ಆಗಲೇ ಬಲಿತ ಕಲ್ಲು ಅದಕ್ಕೆ ಕರಗುತ್ತದೆ ಅಂತಲೂ ನಂಬಿಲ್ಲ. ಆದರೆ ಮೆಂತ್ಯದ ಲೋಳೆಯ ನಾರು ಊಟದ ಸಕ್ಕರೆ ರಕ್ತಕ್ಕೆ ಏರುವುದನ್ನು ನಿಧಾನ ಮಾಡುವುದು ಖಂಡಿತ. ನಮ್ಮ ದೋಸೆಹಿಟ್ಟಿಗೆ ಈಗ ಒಂದು ಹಿಡಿ ಮೆಂತ್ಯ ಹೆಚ್ಚು ಬೀಳುತ್ತದೆ.

ಮುದ್ದೆಯ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ತಕ್ಕಡಿ. 'ಮುದ್ದೆ ಉಣ್ಣೋರಿಗೆ ಶುಗರ್ ಏರಲ್ಲ' ಅಂತ ನಮ್ಮ ಕಡೆ ಎಲ್ಲರೂ ಅನ್ನುತ್ತಾರೆ. ಒಂದು ದಿನ ಅತ್ತೆಯ ಪಾಲಿನ ಹಿಟ್ಟನ್ನು ಕೋಲಾಡಿಸುವ ಮುಂಚೆ ತೂಗಿದೆ. ಒಂದು ಮುದ್ದೆಗೆ 130 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಲೆಕ್ಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಪಿಷ್ಟ 67 ಗ್ರಾಂ, ಅಕ್ಕಿಯಲ್ಲಿ 78. ನಾರು ರಾಗಿಯಲ್ಲಿ 11, ಅಕ್ಕಿಯಲ್ಲಿ 3ಕ್ಕೂ ಕಡಿಮೆ. ರಾಗಿ ಮೇಲು, ನಿಜ. ಆದರೆ 130 ಗ್ರಾಂ ಹಿಟ್ಟಿನ ಮುದ್ದೆ ಅಂದರೆ ಒಂದೇ ಹೊತ್ತಿಗೆ 87 ಗ್ರಾಂ ಪಿಷ್ಟ, ಅದರ ಮೇಲೆ ಎರಡು ಸೌಟು ಅನ್ನ ಬೇರೆ. ಈಗ ಅತ್ತೆಯ ಮುದ್ದೆ 60 ಗ್ರಾಂ ಹಿಟ್ಟಿನದ್ದು, ದೊಡ್ಡ ನಿಂಬೆಹಣ್ಣಿಗಿಂತ ತುಸು ದಪ್ಪ. ಮೊದಲ ದಿನ ತಟ್ಟೆ ನೋಡಿ "ಮಕ್ಳಾಟ್ಕೆ ಮಾಡ್ದಂಗದೆ" ಅಂದರು. ಖಾಲಿ ಜಾಗಕ್ಕೆ ಎರಡು ಹಿಡಿ ಸೊಪ್ಪಿನ ಪಲ್ಯ, ಒಂದು ಬಟ್ಟಲು ಕಾಳು ಬಡಿಸಿದೆ. ಹೊಟ್ಟೆ ತುಂಬಿತು.

ಸಾರಿಗೆ ನಾನು ಹೊಸದೇನೂ ಹುಡುಕಲಿಲ್ಲ. ನಮ್ಮ ಉಪ್ಸಾರಿನಷ್ಟು ಈ ಎರಡು ಕಾಯಿಲೆಗೂ ಹೊಂದುವುದು ಇನ್ನೊಂದಿಲ್ಲ. ಹಲಸಂದೆಯೋ ಹೆಸರುಕಾಳೋ ಬೇಯಲು ಇಟ್ಟು, ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪು, ಕಿರಕೀರೆ, ಸಿಕ್ಕರೆ ಅಣ್ಣೆಸೊಪ್ಪು ಹಾಕಿ ಉಪ್ಪು ಬಿಟ್ಟು ಇಳಿಸಿ ಬಸಿಯುವುದು. ಕೆಂಡದಲ್ಲಿ ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಚೂರು ಹುಣಸೆ ಇಟ್ಟು ಒರಳಲ್ಲಿ ಖಾರ ಅರೆಯುವುದು. ಬಸಿದ ಕಟ್ಟಿಗೆ ಆ ಖಾರ ಕದಡಿಕೊಂಡು ಮುದ್ದೆ ಮುರಿದು ಅದ್ದಿ ನುಂಗಿದರೆ ಆಯಿತು. ಕಾಯಿ ಇಲ್ಲ, ಒಂದು ತೊಟ್ಟು ಎಣ್ಣೆ ಇಲ್ಲ. ಇರುವ ಎಣ್ಣೆಯೆಲ್ಲ ಪಲ್ಯದ ಒಗ್ಗರಣೆಗೆ ಒಂದು ಚಮಚ. ಬಸ್ಸಾರಿನ ದಿನ ಅರ್ಧ ಹೋಳು ಕಾಯಿಯ ಬದಲು ಎರಡು ಚಮಚ ತುರಿ, ಉಳಿದ ಮಂದಕ್ಕೆ ಬೆಂದ ಕಾಳನ್ನೇ ಒಂದು ಹಿಡಿ ಸೇರಿಸಿ ರುಬ್ಬುತ್ತೇನೆ. ಮನೆಯವರಿಗೆಲ್ಲ ಇದೇ ಸಾರು. ಅತ್ತೆಗೆ ಬೇರೆ ಪಾತ್ರೆ ಇಡಬಾರದು ಅಂತ ಮೊದಲ ದಿನವೇ ತೀರ್ಮಾನ ಮಾಡಿಕೊಂಡೆ. ಬೇರೆ ಪಾತ್ರೆಯ ಊಟ ಉಣ್ಣುವವರನ್ನು ಇನ್ನಷ್ಟು ಕಾಯಿಲೆಯವರನ್ನಾಗಿ ಮಾಡುತ್ತದೆ.

ಬಾಡು ಪೂರ್ತಿ ನಿಲ್ಲಿಸಿಲ್ಲ. ಚರ್ಮ ಸುಲಿದ ಕೋಳಿ ನಾಲ್ಕು ತುಂಡು, ಮೇಲೆ ತೇಲುವ ಜಿಡ್ಡನ್ನು ಸೌಟಿನಲ್ಲಿ ತೆಗೆದು. ಕೃಷ್ಣರಾಜಸಾಗರದ ಹಿನ್ನೀರಿನ ಮೀನು ಸಿಕ್ಕಿದರೆ ಸಾರು, ಹುರಿಯುವುದಿಲ್ಲ. ಬೆಣ್ಣೆ ತೆಗೆದ ನೀರುಮಜ್ಜಿಗೆ ಎಷ್ಟಾದರೂ ಸರಿ.

ಇಷ್ಟೆಲ್ಲ ಮಾಡಿಯೂ ಮೊದಲ ತಿಂಗಳು ಸಕ್ಕರೆ ಇಳಿಯಲಿಲ್ಲ. ಕಾರಣ ತಟ್ಟೆಯಲ್ಲಿರಲಿಲ್ಲ. ಅದು ಹೊಗೆಸೊಪ್ಪಿನ ಕಾಲ, ಒಣಗಿಸುವ ಬ್ಯಾರನ್‌ಗೆ ಸೊಪ್ಪು ಏರಿಸುವ ದಿನಗಳು. ಆಳುಗಳು ಉಂಡು, ಗಂಡಸರು ಉಂಡು, ಮಕ್ಕಳು ಉಂಡು, ಆಮೇಲೆ ಅತ್ತೆ ಉಣ್ಣುವುದು. ಮಧ್ಯಾಹ್ನದ ಊಟ ಮೂರೂವರೆಗೆ, ರಾತ್ರಿಯದು ಹತ್ತೂವರೆಗೆ, ಹಸಿದು ಹಸಿದು ಕೊನೆಗೆ ಎರಡರಷ್ಟು. ನಲವತ್ತು ವರ್ಷದಿಂದ ಹೀಗೇ. ಚೀಲಕ್ಕೂ ಸಕ್ಕರೆಗೂ ಇದಕ್ಕಿಂತ ಕೆಟ್ಟ ಪದ್ಧತಿ ಇಲ್ಲ ಅಂತ ನನಗೆ ಹೊಳೆದದ್ದು ಒಂದು ರಾತ್ರಿ. ಅವತ್ತು ಅತ್ತೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ನೋವಿಗೆ ಹೆದರಿ ಊಟ ಮಾಡದೆ ಮಲಗಿದ್ದರು. ಎರಡು ಗಂಟೆಗೆ ಎದ್ದರೆ ಸೀರೆಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಮೀಟರು 58 ತೋರಿಸಿತು. 70ಕ್ಕಿಂತ ಕೆಳಗೆ ಬಂದರೆ ಅಪಾಯ. ಡಬ್ಬದಲ್ಲಿ ಮೈಸೂರು ಪಾಕ್ ಇತ್ತು. ನನ್ನ ಮಗ ಅದನ್ನೇ ತಂದ. ಬೇಡ ಅಂದೆ, ತುಪ್ಪದ ಸಿಹಿ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಚೀಲಕ್ಕೂ ಕೇಡು. ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿದೆ. 84. ಅತ್ತೆಯ ಕೈ ಹಿಡಿದುಕೊಂಡೇ ಬೆಳಕು ಹರಿಸಿದೆ.

ಮಾರನೇ ದಿನದಿಂದ ಎಂಟಕ್ಕೆ, ಒಂದಕ್ಕೆ, ರಾತ್ರಿ ಏಳೂವರೆಗೆ ಮೊದಲ ತಟ್ಟೆ ಅತ್ತೆಯದು. ಗಂಡಸರ ಮುಂದೆ ಮೊದಲು ಉಣ್ಣಲು ಕೂತರೆ ಅವರಿಗೆ ತುತ್ತು ಗಂಟಲಿಗೇ ಇಳಿಯುತ್ತಿರಲಿಲ್ಲ. ಮಾವ ಒಂದು ವಾರ ತಾವೇ ಮಣೆ ಹಾಕಿ "ಕೂತ್ಕ" ಅಂದ ಮೇಲೆ ಸರಿಹೋಯಿತು. ಈ ಸಲ ಮೂರು ತಿಂಗಳ ಸರಾಸರಿಯ ರಕ್ತಪರೀಕ್ಷೆಯಲ್ಲಿ 7.5 ಬಂದಿದೆ. ಸಂಕ್ರಾಂತಿ ಆದ ಮೇಲೆ ಆಪರೇಷನ್.

"ಹೊಟ್ಟೆ ಉದ್ದಕ್ಕೂ ಕುಯ್ತಾರಂತಲ್ಲ" ಅಂದರು ದೊಡ್ಡವ್ವ, ದನಿ ಇಳಿಸಿ. ಈಗ ಮೂರ್ನಾಲ್ಕು ಸಣ್ಣ ತೂತಷ್ಟೆ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 1990ರಲ್ಲೇ ಹಾಗೆ ಮಾಡಿದ್ದಾರೆ ಅಂತ ಧೈರ್ಯ ಹೇಳಿದೆ. ಅಷ್ಟರೊಳಗೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ನೋವು ಗಂಟೆಗಟ್ಟಲೆ ಬಿಡದಿದ್ದರೆ ಒಂದು ಕ್ಷಣ ಕಾಯದೆ ಆಸ್ಪತ್ರೆಗೆ ಓಡಬೇಕು ಅಂತ ಅವರಿಗೂ ಹೇಳಿಟ್ಟಿದ್ದೇನೆ, ನಾನಿಲ್ಲದಾಗ ನೋಡುವವರು ಅವರೇ ತಾನೇ.

ಅಷ್ಟರಲ್ಲಿ ಒಂದು ಗಂಟೆ ಆಯಿತು. ನುಗ್ಗೆಸೊಪ್ಪು ಒಲೆ ಸೇರಿತು, ಅತ್ತೆ ಕೂತು ಉಂಡರು. ಕೈ ತೊಳೆಯಲು ಹಿತ್ತಲಿಗೆ ಬಂದವರು ಬೇಲಿಯಾಚೆ ಇನ್ನೂ ನಿಂತಿದ್ದ ಗೆಳತಿಯನ್ನು ನೋಡಿದರು.

"ಉಂಡ್ಯೇನೆ?"

"ಎಲ್ಲಿ, ರಾಗಿ ಕುಯ್ಲಿಗೆ ಹೋದೋರು ಇನ್ನೂ ಬಂದಿಲ್ಲ. ಅವ್ರು ಉಣ್ಲಿ ಅಂತ."

ಅತ್ತೆ ಮಾತಾಡದೆ ಒಳಗೆ ಹೋದರು. ತಟ್ಟೆಯಲ್ಲಿ ಸಣ್ಣದೊಂದು ಮುದ್ದೆ, ಬಟ್ಟಲಲ್ಲಿ ಉಪ್ಸಾರು, ಅಂಚಿಗೆ ಖಾರ ಹಚ್ಚಿ ತಂದು, ಅವರೆ ಬಳ್ಳಿ ಸರಿಸಿ ತಂತಿಯ ನಡುವಿನಿಂದ ಚಾಚಿದರು.

"ತಕ್ಕ, ಆರೋಯ್ತದೆ."