ಬಣ್ಣ ಸಾಕು, ಬಾಯ್ಲರ್ ನೋಡ್ರಪ್ಪಾ!

ನಮ್ಮೂರ ರೈಲು ನಿಲ್ದಾಣದ ಮುಂದೆ ನಿಲ್ಲಿಸಿರುವ ಹಳೇ ಉಗಿ ಇಂಜಿನ್ನಿಗೆ ಈ ವರ್ಷವೂ ಬಣ್ಣ ಬಳಿದಿದ್ದಾರೆ. ತುಕ್ಕಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು, ಕೆಂಪಿನ ಮೇಲೆ ಸೆಲ್ಫಿ ತೆಗೆದುಕೊಳ್ಳುವ ಹುಡುಗರು. ಅದು ಮಾತಾಡುವ ಸ್ಥಿತಿಯಲ್ಲಿಲ್ಲ. ಹಾಗಾಗಿ ಅದರ ಪರವಾಗಿ ನೂರು ದಾಟಿದ, ಇನ್ನೂ ಓಡಾಡಿಕೊಂಡಿರುವ, ಬಾಯಿ ಜೋರಿನ ಹಿರಿಯರೊಬ್ಬರನ್ನು ಇಂಗ್ಲೆಂಡಿನಲ್ಲಿ ಹಿಡಿದೆವು. ಹೆಸರು ಫ್ಲೈಯಿಂಗ್ ಸ್ಕಾಟ್ಸ್‌ಮನ್. 1923ರಲ್ಲಿ ಡಾಂಕಾಸ್ಟರ್ ಕಾರ್ಖಾನೆಯಲ್ಲಿ ಜನನ, ವಿನ್ಯಾಸ ನೈಜೆಲ್ ಗ್ರೆಸ್ಲಿಯವರದು. ಅಲ್ಲಿಯವರಿಗೆ ಇಂಜಿನ್ ಎಂದರೆ ಹೆಂಗಸು. ವಯಸ್ಸು ನೋಡಿ ನಾವು ಅಜ್ಜಿ ಎಂದೆವು.

ನಾವು: ಅಜ್ಜಿ, ಹೇಗಿದ್ದೀರಿ?

ಅಜ್ಜಿ: ಹಸಿರಾಗಿದ್ದೀನಿ ಕಣಪ್ಪಾ. ಯಾವ ಹಸಿರು ಅಂತ ಮಾತ್ರ ಕೇಳಬೇಡ. ಹುಟ್ಟಿದಾಗ ಸೇಬಿನ ಹಸಿರು. ಯುದ್ಧ ಬಂತು, ಕಪ್ಪು ಬಳಿದರು. ರೈಲ್ವೆ ಸರ್ಕಾರದ್ದಾಯಿತು, ನೀಲಿ. ಅದೂ ಸರಿಬರಲಿಲ್ಲ ಅಂತ ಕಡುಹಸಿರು. ಖಾಸಗಿಯವರು ಕೊಂಡರು, ಮತ್ತೆ ಸೇಬಿನ ಹಸಿರು. ಈಗ ಮತ್ತೆ ಕಡುಹಸಿರು. ಇನ್ನು ನಂಬರೋ? 1472, 4472, 502, 103, 60103. ನಿಮ್ಮೂರಲ್ಲಿ ಹುಟ್ಟಿದ್ದರೆ ಆಧಾರ್ ತಿದ್ದುಪಡಿಯ ಸಾಲಿನಲ್ಲೇ ಆಯಸ್ಸು ಮುಗಿಯುತ್ತಿತ್ತು.

ನಾವು: ನಿಮ್ಮನ್ನು ಸಾಕಿದವರೆಲ್ಲ ದಿವಾಳಿ ಎದ್ದರು ಅಂತಾರೆ.

ಅಜ್ಜಿ: ಎಲ್ಲರೂ ಅಲ್ಲ, ಇಬ್ಬರೇ! 1963ರಲ್ಲಿ ಅಲನ್ ಪೆಗ್ಲರ್ 3,000 ಪೌಂಡ್ ಕೊಟ್ಟು ಗುಜರಿಯ ಬಾಯಿಂದ ಬಿಡಿಸಿಕೊಂಡರು. ಪುಣ್ಯಾತ್ಮ. 1969ರಲ್ಲಿ ಅಮೆರಿಕ ತೋರಿಸುತ್ತೀನಿ ಅಂತ ಕರೆದುಕೊಂಡು ಹೋಗಿ, ನನಗೊಂದು ಗಂಟೆ ಕಟ್ಟಿ, ಮೂತಿಗೆ ದನ ತಳ್ಳುವ ಜಾಲರಿ ಹಾಕಿಸಿದರು. 1972ಕ್ಕೆ ಕೈ ಖಾಲಿ. ಅವರು ಹಡಗಿನ ಪ್ರಯಾಣಿಕರಿಗೆ ರೈಲಿನ ಕಥೆ ಹೇಳುವ ಕೆಲಸ ಹಿಡಿದು ಊರು ಸೇರಿದರು. ನನ್ನನ್ನು ಮಾರನೇ ವರ್ಷ ವಿಲಿಯಂ ಮ್ಯಾಕ್‌ಆಲ್ಪೈನ್ ಕೊಂಡು ಪನಾಮಾ ಕಾಲುವೆಯ ಮೇಲೆ ವಾಪಸ್ ತಂದರು. ಅವರದು ಕಟ್ಟಡ ಕಟ್ಟುವ ಮನೆತನ, ತಡೆದುಕೊಂಡರು. 1996ರಲ್ಲಿ ಟೋನಿ ಮಾರ್ಚಿಂಗ್ಟನ್ ಬಂದರು, ಹನ್ನೆರಡೂವರೆ ಲಕ್ಷ ಪೌಂಡ್ ಸುರಿದರು. 2003ಕ್ಕೆ ಅವರೂ ದಿವಾಳಿ. ಅದಿರಲಿ, ಆ ನೀಲಿ ಬಣ್ಣ ಇತ್ತಲ್ಲ, ಅದು ನನಗೆ ಸ್ವಲ್ಪವೂ...

ನಾವು: ಬಣ್ಣ ಬಿಡಿ ಅಜ್ಜಿ. 1928ರ ಮೇ 1ರಂದು ಲಂಡನ್ನಿನಿಂದ ಎಡಿನ್‌ಬರಕ್ಕೆ ಎಲ್ಲೂ ನಿಲ್ಲದೆ ಓಡಿದಿರಂತೆ?

ಅಜ್ಜಿ: 392 ಮೈಲಿ! ಕಲ್ಲಿದ್ದಲು, ನೀರು ಹೊರುವ ಟೆಂಡರಿನ ಒಂದು ಪಕ್ಕದಲ್ಲೇ ಒಬ್ಬರು ತೂರುವಷ್ಟು ಓಣಿ ಮಾಡಿದ್ದರು. ಅರ್ಧ ದಾರಿಯಲ್ಲಿ ಹೊಸ ಡ್ರೈವರ್, ಹೊಸ ಫೈರ್‌ಮನ್ ಬೋಗಿಯಿಂದ ಅದರೊಳಗೆ ನುಸುಳಿ ಬಂದು ಪಾಳಿ ಬದಲಿಸುತ್ತಿದ್ದರು. ನೀರಿಗೂ ನಿಲ್ಲಲಿಲ್ಲ. ಹಳಿಗಳ ನಡುವೆ ಉದ್ದನೆಯ ತೊಟ್ಟಿ ಇರುತ್ತಿತ್ತು, ಓಡುತ್ತಲೇ ಹೀರಿಕೊಳ್ಳುತ್ತಿದ್ದೆ.

ನಾವು: ನಿಲ್ಲಲಿಲ್ಲ ಅನ್ನುವುದನ್ನು ಇಷ್ಟು ಹೆಮ್ಮೆಯಿಂದ ಹೇಳುತ್ತೀರಲ್ಲ, ವಡೆ ಮಾರುವವರ ಗತಿ?

ಅಜ್ಜಿ: ಏನು ಮಾರುವವರು?

ನಾವು: ವಡೆ, ಅಜ್ಜಿ. ಮದ್ದೂರು ವಡೆ. ಬೆಂಗಳೂರು–ಮೈಸೂರು ಮೀಟರ್‌ಗೇಜ್ ಕಾಲದಲ್ಲಿ ರೈಲು ಮದ್ದೂರಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಸ್ಟೇಷನ್ನಿನ ವಡೆ ಕಿಟಕಿಯೊಳಗೆ ಬಂದು, ಈರುಳ್ಳಿ ಗರಿಗರಿ ಅಂದು, ಎಲೆ ಎಸೆಯುವಷ್ಟರಲ್ಲಿ ಸೀಟಿ. ಈಗಿನ ವಂದೇ ಭಾರತ್ ಮದ್ದೂರಿನ ಬೋರ್ಡು ಓದುವುದಕ್ಕೂ ಬಿಡುವುದಿಲ್ಲ. ಕಿಟಕಿ ತೆಗೆಯುವುದಕ್ಕೂ ಬರುವುದಿಲ್ಲ. ಇದೆಲ್ಲಕ್ಕೂ ದಾರಿ ತೋರಿಸಿದವರು ನೀವೇ ಅಂತ ನನ್ನ ಅನುಮಾನ.

ಅಜ್ಜಿ: ನೀನು ನನ್ನ ದುರಸ್ತಿ ಬಗ್ಗೆ ಕೇಳೋದಕ್ಕೆ ಬಂದವನಲ್ಲವೇನೋ?

ನಾವು: ಅಲ್ಲಿಗೇ ಬಂದೆ. ದುರಸ್ತಿ ಮುಗಿದು 2016ರ ಫೆಬ್ರವರಿ 25ರಂದು ಲಂಡನ್ನಿನ ಕಿಂಗ್ಸ್‌ಕ್ರಾಸ್‌ನಿಂದ ಯಾರ್ಕಿಗೆ ಹೊರಟಿರಿ. ಫೋಟೋ ಹುಚ್ಚಿನವರು ಹಳಿಗೇ ನುಗ್ಗಿ ನಿಮ್ಮನ್ನು ನಿಲ್ಲಿಸಿದರು. ಕೊನೆಗೂ ನಿಂತಿರಿ! ಅಲ್ಲಿ ತಿನ್ನಲು ಏನಾದರೂ...

ಅಜ್ಜಿ: ಸಾಕು ಮಾಡು. ಹಳಿ ಮೇಲೆ ಜನ ಇದ್ದರು, ಮಕ್ಕಳಿದ್ದರು. ನನ್ನನ್ನು ಪ್ರೀತಿಸುತ್ತೀವಿ ಅಂತ ಬಂದು ನನ್ನ ಚಕ್ರಕ್ಕೇ ತಲೆ ಕೊಡುವವರಿದ್ದರು. ನಗುವ ವಿಷಯವೇನು ಅದು?

ಈ ಪ್ರೀತಿಯ ಕಥೆ ಇಷ್ಟೇ ಕೇಳು. 2004ರಲ್ಲಿ ನನ್ನನ್ನು ಮಾರಾಟಕ್ಕಿಟ್ಟಾಗ ದೇಶವೇ ಅತ್ತಿತು. ಜನ ಕೈಯಲ್ಲಿದ್ದಷ್ಟು ಕೊಟ್ಟರು, ಪರಂಪರೆ ನಿಧಿಯೂ ಕೊಟ್ಟಿತು, ಸುಮಾರು 23 ಲಕ್ಷ ಪೌಂಡಿಗೆ ಯಾರ್ಕಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಕೊಂಡಿತು. ಒಳಗೆ ನಾನೆಷ್ಟು ಸವೆದಿದ್ದೆ ಅನ್ನುವುದು ಗೊತ್ತಾಗಿದ್ದು ದುಡ್ಡು ಎಣಿಸಿಕೊಟ್ಟ ಮೇಲೆ, 2006ರಲ್ಲಿ ಬಿಚ್ಚಲು ಶುರು ಮಾಡಿದಾಗ. ವರ್ಷದ ಕೆಲಸ ಅಂದಿದ್ದರು. ಬಿಚ್ಚಿದಷ್ಟೂ ಕೆಲಸ ಬೆಳೆಯಿತು. 2011ರಲ್ಲಿ ಇನ್ನೇನು ಮುಗಿಯಿತು ಅಂತ ಕಪ್ಪು ಬಣ್ಣ ಹೊಡೆದು ಜನರ ಮುಂದೆ ನಿಲ್ಲಿಸಿದರು, ಚಪ್ಪಾಳೆಯೂ ಬಿತ್ತು. ಆಮೇಲೆ ನೋಡಿದರೆ ಚೌಕಟ್ಟಿನಲ್ಲಿ ಬಿರುಕು. ಹೊರಗೆ ಥಳುಕು, ಒಳಗೆ ಹುಳುಕು. ಆ ಬಣ್ಣದ ಸಮೇತ ಮತ್ತೆ ಬಿಚ್ಚಿದರು. ಒಟ್ಟು ಹತ್ತು ವರ್ಷ, 42 ಲಕ್ಷ ಪೌಂಡ್.

ಇದಕ್ಕೆ ಬೈಸಿಕೊಂಡಿದ್ದು ಯಾರು? ಕಾರ್ಯಾಗಾರದಲ್ಲಿ ಕೈ ಕಪ್ಪು ಮಾಡಿಕೊಂಡವರು. ಅವರಾದರೂ ಎಷ್ಟು ಜನ ಉಳಿದಿದ್ದರು? 1968ರಲ್ಲಿ ಬ್ರಿಟಿಷ್ ರೈಲ್ವೆ ಉಗಿ ಸಾಕು ಅಂದಿತು. ನನ್ನ ಒಡಹುಟ್ಟಿದವರನ್ನು ಅಷ್ಟರೊಳಗೇ ಕೊಚ್ಚಿ ಕಬ್ಬಿಣದ ತೂಕಕ್ಕೆ ಹಾಕಿ ಆಗಿತ್ತು. ನಮ್ಮ ಜಾತಿಯಲ್ಲಿ ಉಳಿದವಳು ನಾನೊಬ್ಬಳೇ. ಇಂಜಿನ್ನುಗಳ ಜೊತೆಗೇ ಬಾಯ್ಲರ್ ಬಲ್ಲವರೂ ಬೇರೆ ಕಸುಬು ನೋಡಿಕೊಂಡರು. ನಲವತ್ತು ವರ್ಷ ಆ ಕೆಲಸವನ್ನು ಯಾವ ಹುಡುಗನಿಗೂ ಸರಿಯಾಗಿ ಕಲಿಸದೆ, ಆಮೇಲೆ ಫೈರ್‌ಬಾಕ್ಸಿನೊಳಗೆ ಮಂಡಿಯೂರಿ, ಅದರ ಗೋಡೆಯನ್ನು ಬಿಗಿದಿಡುವ ಸ್ಟೇ ಎಂಬ ಸರಳುಗಳನ್ನು ಒಂದೊಂದಾಗಿ ಬದಲಿಸುವವನು ಬೇಕು, ಅದೂ ಮುಂದಿನ ತಿಂಗಳೊಳಗೆ ಬೇಕು ಅಂದರೆ ಎಲ್ಲಿಂದ ತರುತ್ತೀರಿ? ನನ್ನ ಬಣ್ಣ ಯಾವ ಹಸಿರು ಅಂತ ಜಗಳವಾಡುವವರು ಸಾವಿರ ಜನ ಸಿಗುತ್ತಾರೆ. ಆ ಸ್ಟೇ ಬಡಿದವನ ಹೆಸರು ಹೇಳು ನೋಡೋಣ.

ನಾವು: ಗೊತ್ತಿಲ್ಲ ಅಜ್ಜಿ.

ಅಜ್ಜಿ: ಗೊತ್ತಿರೋದಿಲ್ಲ. ನಿನಗೆ ವಡೆ ಹಾಕಿದವನ ಹೆಸರಾದರೂ ಗೊತ್ತೋ?

ಸಂದರ್ಶನ ಅಲ್ಲಿಗೆ ಮುಗಿಯಿತು. ಓದುಗರಲ್ಲಿ ಯಾರಿಗಾದರೂ ಸ್ವಂತಕ್ಕೊಂದು ಉಗಿ ಇಂಜಿನ್ ಕೊಳ್ಳುವ ಆಸೆಯಿದ್ದರೆ ಅಜ್ಜಿಯ ಪರವಾಗಿ ಇಷ್ಟು ವಿನಂತಿ: ಬಾಯ್ಲರ್ ಬಿಚ್ಚಿಸಿ ನೋಡದೆ ಮುಂಗಡ ಕೊಡಬೇಡಿ, ದುರಸ್ತಿಯವರು ಹೇಳಿದ ಖರ್ಚನ್ನು ಐದರಿಂದ ಗುಣಿಸಿ, ಕೆಲಸ ಬಲ್ಲ ಮುದುಕರ ಜೊತೆ ಇಬ್ಬರು ಹುಡುಗರನ್ನು ಸಂಬಳ ಕೊಟ್ಟು ನಿಲ್ಲಿಸಿ. ಬಣ್ಣದ ಡಬ್ಬಿಯನ್ನು ಕಟ್ಟಕಡೆಗೆ ತನ್ನಿ.