ಹತ್ತು ನಿಮಿಷದ ದಲ್ಲಾಳಿ

ನಾಗಪುರದಲ್ಲಿ ಮನೆ, ನಿವೇಶನಗಳನ್ನು ಕೊಳ್ಳುವವರಿಗೂ ಮಾರುವವರಿಗೂ ನಡುವೆ ನಿಂತು, ಸೌದಾ ಕುದುರಿದ ಮೇಲೆ ಇಬ್ಬರಿಂದಲೂ ದಲಾಲಿ ಪಡೆಯುವ ವ್ಯಕ್ತಿಯನ್ನು ಕಾನೂನು ರಿಯಲ್ ಎಸ್ಟೇಟ್ ಏಜೆಂಟ್ ಎಂದು ಗುರುತಿಸಿದರೆ, ಆತನ ವಿಸಿಟಿಂಗ್ ಕಾರ್ಡು ಪ್ರಾಪರ್ಟಿ ಕನ್ಸಲ್ಟೆಂಟ್ ಎಂದು ಸಾರುತ್ತದೆ; ಬೆನ್ನ ಹಿಂದೆ ಮಾತ್ರ ಊರಿಗೆಲ್ಲ ಆತ ದಲಾಲನೇ. ಈ ಮೂರು ಹೆಸರುಗಳಲ್ಲಿ ಯಾವುದಕ್ಕೂ ಆತ ಬೇಸರಿಸಿಕೊಳ್ಳುವುದಿಲ್ಲ, ಏಕೆಂದರೆ ಬೇಸರಕ್ಕೆ ಕಮಿಷನ್ ಇಲ್ಲ.

ಬ್ರಿಟಿಷರ ಕಾಲದ ಝೀರೋ ಮೈಲ್ ಕಲ್ಲು ಈ ನಗರದ ನಡುವೆಯೇ ನಿಂತಿದ್ದು, ಅದರ ಮೇಲೆ ಹೈದರಾಬಾದಿಗೆ 318 ಮೈಲಿ ಎಂಬಂತಹ ಅಂತರಗಳನ್ನು ಖಚಿತವಾಗಿ ಕೆತ್ತಲಾಗಿದೆಯಾದರೂ, ದಲ್ಲಾಳಿಯ ಅಳತೆಯಲ್ಲಿ ಮೈಲಿಗಾಗಲಿ ಕಿಲೋಮೀಟರಿಗಾಗಲಿ ಸ್ಥಾನವಿಲ್ಲ. ಅಲ್ಲಿ ಚಲಾವಣೆಯಲ್ಲಿರುವುದು ನಿಮಿಷ, ಅದೂ ಹತ್ತೇ ನಿಮಿಷ. ವಾರ್ಧಾ ರಸ್ತೆಯಲ್ಲಿ ಕ್ರಿಕೆಟ್ ಮೈದಾನವಿರುವ ಜಾಮ್ಠಾ, ಅದನ್ನೂ ದಾಟಿ ಕಾರ್ಖಾನೆಗಳಿರುವ ಬುಟೀಬೋರಿ, ಇನ್ನೊಂದು ದಿಕ್ಕಿನ ಹಿಂಗಣಾ, ಇವೆಲ್ಲವೂ ವಿಮಾನ ನಿಲ್ದಾಣದಿಂದ ಹತ್ತು ನಿಮಿಷವೇ. ಆ ಹತ್ತು ನಿಮಿಷ ವಿಮಾನಕ್ಕೆ ತಗಲುವುದೋ ಕಾರಿಗೆ ತಗಲುವುದೋ ಎಂಬುದನ್ನು ಆತ ಬಿಡಿಸಿ ಹೇಳುವುದಿಲ್ಲ.

ಆತನ ದಿನಚರಿಯನ್ನು ಋತುಮಾನವೇ ನಿರ್ಧರಿಸುತ್ತದೆ. ಮೇ ತಿಂಗಳಲ್ಲಿ ಉಷ್ಣತೆ 45 ಡಿಗ್ರಿ ದಾಟುವ ಊರಾದ್ದರಿಂದ ಪಾರ್ಟಿಯನ್ನು, ಅಂದರೆ ಗಿರಾಕಿಯನ್ನು, ಜಾಗ ನೋಡಲು ಒಂದೋ ಬೆಳಿಗ್ಗೆ ಬೇಗ, ಇಲ್ಲವೇ ಸೂರ್ಯ ಮುಳುಗುವ ಹೊತ್ತಿಗೆ ಕರೆದೊಯ್ಯುತ್ತಾನೆ. ಎರಡನೆಯದೇ ಆತನಿಗೆ ಹೆಚ್ಚು ಪ್ರಿಯ. ಕತ್ತಲಲ್ಲಿ ನಿವೇಶನದ ಮೇಲೆ ಹಾದುಹೋಗುವ ಹೈಟೆನ್ಷನ್ ತಂತಿ ಯಾರಿಗೂ ಅಡ್ಡಬರುವುದಿಲ್ಲ. ಮಳೆಗಾಲದಲ್ಲಿ ಇಲ್ಲಿನ ಎರೆಮಣ್ಣು ಉಬ್ಬಿ, ಕಾಲಿಟ್ಟವರ ಚಪ್ಪಲಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ, ಆ ನಾಲ್ಕು ತಿಂಗಳು ಆತ ಜಾಗ ತೋರಿಸುವುದನ್ನು ಬಿಟ್ಟು ನಕ್ಷೆ ತೋರಿಸುತ್ತಾನೆ. ನಕ್ಷೆಯಲ್ಲಿ ಉದ್ಯಾನ, ದೇವಸ್ಥಾನ, ಅರವತ್ತು ಅಡಿ ರಸ್ತೆ ಎಲ್ಲವೂ ಇರುತ್ತವೆ; ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ಅದೇ ಸ್ಥಳದಲ್ಲಿ ತೊಗರಿ ಕಟಾವಾದ ಹೊಲವೂ ಸುಣ್ಣ ಬಳಿದ ಕಲ್ಲುಗಳೂ ಕಂಡುಬರುತ್ತವೆ.

ವಾಸ್ತವವಾಗಿ ಆತ ಮಾರುವುದು ಭೂಮಿಯನ್ನಲ್ಲ, ಭವಿಷ್ಯತ್ಕಾಲವನ್ನು. ಮಿಹಾನ್ ಎಂಬ ಸರಕು ವಿಮಾನ ನಿಲ್ದಾಣ ಹಾಗೂ ವಿಶೇಷ ಆರ್ಥಿಕ ವಲಯದ ಯೋಜನೆಗಾಗಿ 2002ರಲ್ಲಿ ಸರ್ಕಾರಿ ಕಂಪನಿ ಸ್ಥಾಪನೆಯಾದಂದಿನಿಂದ ವಾರ್ಧಾ ರಸ್ತೆಯ ಪ್ರತಿ ನಿವೇಶನವೂ ‘ಮಿಹಾನ್ ಟಚ್’ ಆಗಿದೆ. ಆತನ ದುರದೃಷ್ಟವೋ ಗಿರಾಕಿಯ ಅದೃಷ್ಟವೋ, ಹೇಳಿದ್ದರಲ್ಲಿ ಕೆಲವು ನಿಜವೂ ಆದವು: 2019ರ ಮಾರ್ಚಿನಲ್ಲಿ ಮೆಟ್ರೋ ಓಡಿತು, 2022ರ ಡಿಸೆಂಬರಿನಲ್ಲಿ ಸಮೃದ್ಧಿ ಹೆದ್ದಾರಿಯ ನಾಗಪುರ–ಶಿರಡಿ ಭಾಗ ತೆರೆಯಿತು. ಅಂದಿನಿಂದ ಆತನ ಮಾತಿನಲ್ಲಿ ಪ್ರವಾದಿಯ ಗತ್ತು ಸೇರಿಕೊಂಡಿದೆ.

ಕಾಗದಪತ್ರಗಳ ವಿಷಯಕ್ಕೆ ಬಂದರೆ ಆತ ನಿಜವಾದ ಪಂಡಿತ. ನಾಗಪುರವಿರುವ ವಿದರ್ಭದಲ್ಲಿ ಜಮೀನಿನ ಸರ್ವೇ ನಂಬರಿಗೆ ಖಸರಾ ಎಂದೂ, ಕರ್ನಾಟಕದ ಪಹಣಿಯಂತಹ ದಾಖಲೆಗೆ ಸಾತ್-ಬಾರಾ ಎಂದೂ ಹೆಸರು. ಅನುಮತಿಯಿಲ್ಲದೆ ತುಂಡು ಮಾಡಿ ಮಾರಿದ ಬಡಾವಣೆಗಳನ್ನು ಸಕ್ರಮಗೊಳಿಸಲು 2001ರಲ್ಲಿ ಗುಂಠೇವಾರಿ ಕಾಯಿದೆ ಬಂದು, 2021ರ ತಿದ್ದುಪಡಿಯಿಂದ 2020ರ ಕೊನೆಯವರೆಗಿನ ತುಂಡುಗಳಿಗೂ ಅವಕಾಶ ದೊರೆಯಿತು. ಸಕ್ರಮವಾದ ನಿವೇಶನಕ್ಕೆ ನಾಗಪುರ ಸುಧಾರ ಪ್ರನ್ಯಾಸ, ಅಂದರೆ ನಗರದ ಅಭಿವೃದ್ಧಿ ಮಂಡಳಿ, ಕೊಡುವ ಬಿಡುಗಡೆ ಪತ್ರವೇ ಆರ್‌ಎಲ್. ಬೆಂಗಳೂರಿನ ಬಿ-ಖಾತಾದ ಸಂಕಟ ಬಲ್ಲವರಿಗೆ ಇದರ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ‘ಆರ್‌ಎಲ್ ಇದೆಯೇ’ ಎಂದು ಕೇಳಿದರೆ ದಲ್ಲಾಳಿ ಇದೆ ಎನ್ನುವುದಿಲ್ಲ, ಇಲ್ಲವೆಂದೂ ಅನ್ನುವುದಿಲ್ಲ. ‘ಹೋ ಜಾಯೇಗಾ, ಸಾಹೇಬ್’ ಎನ್ನುತ್ತಾನೆ, ಮತ್ತು ಯಾವ ಮೇಜಿನ ಮೇಲೆ ಯಾರ ಸಹಿ ಬಾಕಿಯಿದೆ ಎಂಬುದು ಆತನಿಗೊಬ್ಬನಿಗೇ ತಿಳಿದಿರುತ್ತದೆ.

ಬ್ಯಾಂಕಿಗೋ ರೈಲ್ವೆಗೋ ವರ್ಗವಾಗಿ ಬರುವ ಕನ್ನಡ ಕುಟುಂಬ ಬಾಡಿಗೆ ಮನೆ ಕೇಳಿದಾಗ ಆತನ ಆತಿಥ್ಯ ಇಮ್ಮಡಿಯಾಗುತ್ತದೆ. ‘ಭಾಭೀಜಿ, ಮೇಲಿನ ಮನೆಯವರೂ ನಿಮ್ಮವರೇ’ ಎಂದು ಭರವಸೆ ಕೊಡುತ್ತಾನೆ. ಸಾಮಾನು ಇಳಿಸಿದ ಮೇಲೆ ಮೇಲಿನವರು ವಿಜಯವಾಡದವರೆಂದು ತಿಳಿದುಬಂದರೂ, ಇಡ್ಲಿಯ ವಿಷಯದಲ್ಲಿ ಆತ ಸುಳ್ಳು ಹೇಳಿಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಕರಾರು ಹನ್ನೊಂದು ತಿಂಗಳದ್ದಾದರೆ ನೋಂದಣಿ ಬೇಡವೆಂದು ಆತ ಹೇಳುವುದುಂಟು. ಇದು ಮಹಾರಾಷ್ಟ್ರದಲ್ಲಿ ಸಲ್ಲದು, 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮಿನಂತೆ ಅವಧಿ ಎಷ್ಟೇ ಇದ್ದರೂ ಕರಾರು ನೋಂದಣಿಯಾಗಲೇಬೇಕು.

2016ರ ರೇರಾ ಕಾಯಿದೆ, ಅಂದರೆ ಸ್ಥಿರಾಸ್ತಿ ನಿಯಂತ್ರಣ ಕಾನೂನು, ನೋಂದಾಯಿತ ಯೋಜನೆಗಳನ್ನು ಮಾರುವ ಏಜೆಂಟರೂ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿತು. ಮಹಾರಾಷ್ಟ್ರದ ಪ್ರಾಧಿಕಾರವಂತೂ 2023ರಿಂದ ಅವರಿಗೆ ತರಬೇತಿಯನ್ನೂ ಪರೀಕ್ಷೆಯನ್ನೂ ಜಾರಿಗೆ ತಂದಿತು. ಜೀವಮಾನವಿಡೀ ಯಾವ ಪ್ರಶ್ನೆಗೂ ನೇರ ಉತ್ತರ ಕೊಡದೆ ಬದುಕು ಕಟ್ಟಿಕೊಂಡವನು ಮಧ್ಯವಯಸ್ಸಿನಲ್ಲಿ ಸರಿಯುತ್ತರ ಗುರುತು ಹಾಕಲು ಕುಳಿತದ್ದು ಶಾಸನದ ಸಣ್ಣ ಸಾಧನೆಯಲ್ಲ. ಆದರೂ ಪರವೂರಿನಲ್ಲಿ ಎರಡೇ ದಿನದಲ್ಲಿ ಸೂರು ಹುಡುಕಿಕೊಡುವವನು ಆತನೇ ಆಗಿರುವುದರಿಂದ, ನಾಗಪುರಕ್ಕೆ ಹೊರಟಿರುವ ಕನ್ನಡಿಗರು ಆತನ ದಲಾಲಿಯನ್ನು ಚೌಕಾಸಿಯಿಲ್ಲದೆ ಕೊಡಲಿ. ಖಸರಾ ನಂಬರನ್ನು ಮಾತ್ರ ಕೇಳಿ ಬರೆದುಕೊಂಡು, ಸಾತ್-ಬಾರಾವನ್ನು ಸರ್ಕಾರದ ಮಹಾಭೂಲೇಖ ಜಾಲತಾಣದಲ್ಲಿ ತಾವೇ ತೆಗೆದು, ಹಗಲು ಹೊತ್ತಿನಲ್ಲಿ ಜಾಗ ನೋಡಲಿ.